ಸ್ತ್ರೀ ಆರೋಗ್ಯ ಸಂಶೋಧನೆ: ವಿದ್ಯಾರ್ಥಿಗಳನ್ನು ಹಿಂದಕ್ಕೆಳೆಯುವ ತಪ್ಪು ಕಲ್ಪನೆಗಳು

ಪ್ರಸೂತಿ ವಿಭಾಗದ ಪೋಸ್ಟಿಂಗ್‌ಗೆ ಬರುವ ವೈದ್ಯಕೀಯ ವಿದ್ಯಾರ್ಥಿಗಳಿಗೆ ನೂರೆಂಟು ಪ್ರಶ್ನೆಗಳೇಳುತ್ತವೆ. ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಗರ್ಭಿಣಿಯರು ನಡುವೆ ಬಿಡುವುದೇಕೆ? ಬಿಳಿ ಸೆರಗಿನ ತೊಂದರೆಯನ್ನು ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇರುವುದೇಕೆ? ಇವನ್ನೇ ಅಧ್ಯಯನಕ್ಕೆ ಎತ್ತಿಕೊಳ್ಳಿ ಎಂದರೆ ಮಾತ್ರ ಹಿಂಜರಿಯುತ್ತಾರೆ. ಆ ಹಿಂಜರಿಕೆಯ ಬೇರು ಕೆಲವು ತಪ್ಪು ಕಲ್ಪನೆಗಳಲ್ಲಿದೆ.

ತಪ್ಪು ಕಲ್ಪನೆ: ಸಂಶೋಧನೆ ಪಿಜಿಗೆ ಸೇರಿದ ಮೇಲಿನ ಕೆಲಸ.

ಸತ್ಯ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಪದವಿ ವಿದ್ಯಾರ್ಥಿಗಳಿಗಾಗಿಯೇ 1979ರಲ್ಲಿ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆ ಆರಂಭಿಸಿತು. ಎಲ್ಲರೂ ಇದನ್ನು ಎಸ್‌ಟಿಎಸ್ ಎನ್ನುತ್ತಾರೆ. ತಮ್ಮದೇ ಕಾಲೇಜಿನ ಅಧ್ಯಾಪಕರೊಬ್ಬರನ್ನು ಗೈಡ್ ಆಗಿ ಒಪ್ಪಿಸಿ, ಎರಡು ತಿಂಗಳಲ್ಲಿ ಮುಗಿಯುವಂಥ ಪುಟ್ಟ ಯೋಜನೆ ಬರೆದು ಕಳಿಸಬೇಕು. ಅಂತಿಮ ವರದಿ ಒಪ್ಪಿಗೆಯಾದರೆ ವೇತನವೂ ಪ್ರಮಾಣಪತ್ರವೂ ಸಿಗುತ್ತವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ಅನುದಾನ ಕೊಡುತ್ತದೆ.

ತಪ್ಪು ಕಲ್ಪನೆ: ದೊಡ್ಡ ಲ್ಯಾಬ್, ದುಬಾರಿ ಯಂತ್ರ ಇಲ್ಲದೆ ಒಳ್ಳೆಯ ಸಂಶೋಧನೆ ಆಗದು.

ಸತ್ಯ: ಇದಕ್ಕೆ ಉತ್ತರ ನಮ್ಮ ಬೆಳಗಾವಿಯಲ್ಲೇ ಇದೆ. ಹೆರಿಗೆಯಾದ ಮೇಲೆ ತಾಯಿ ಎಷ್ಟು ರಕ್ತ ಕಳೆದುಕೊಂಡಳು ಎಂಬುದನ್ನು ಬಹುಕಾಲದಿಂದ ಕಣ್ಣಂದಾಜಿನಲ್ಲೇ ಬರೆಯುತ್ತಿದ್ದರು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಅಮೆರಿಕದ ಸಂಶೋಧಕರ ಜೊತೆ ಸೇರಿ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲವೊಂದನ್ನು ಬಾಣಂತಿಯ ಕೆಳಗೆ ಹಾಸಿ ರಕ್ತವನ್ನು ಅಳೆಯಿತು. 123 ಮಹಿಳೆಯರ ಆ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಚೀಲ ತೋರಿಸಿದ್ದಕ್ಕಿಂತ ಕಣ್ಣಂದಾಜು ಶೇ 33ರಷ್ಟು ಕಡಿಮೆ ಇತ್ತು! ಬಾಣಂತಿಗೆ ಅಪಾಯ ಬಂದದ್ದು ಎದುರಿಗಿದ್ದವರಿಗೂ ತಡವಾಗಿ ತಿಳಿಯುತ್ತಿತ್ತು ಎಂದರ್ಥ.

ಅದೇ ಬಗೆಯ ಅಳತೆಚೀಲವನ್ನು ಮುಂದೆ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳ ಅಧ್ಯಯನದಲ್ಲಿ ಬಳಸಿದರು. ರಕ್ತಸ್ರಾವವನ್ನು ಬೇಗ ಗುರುತಿಸಿ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ಶೇ 60ರಷ್ಟು ತಗ್ಗಿದ್ದನ್ನು 2023ರ ಫಲಿತಾಂಶ ತೋರಿಸಿತು. ಇಷ್ಟಕ್ಕೂ ಮೊದಲು ಬೇಕಾದದ್ದು, ಕಣ್ಣಂದಾಜನ್ನು ನಂಬಬಹುದೇ ಎಂದು ಕೇಳುವ ಮನಸ್ಸು.

ತಪ್ಪು ಕಲ್ಪನೆ: ಸ್ತ್ರೀ ಆರೋಗ್ಯವೆಂದರೆ ಬಸಿರು, ಹೆರಿಗೆ ಅಷ್ಟೇ.

ಸತ್ಯ: ಮುಟ್ಟಿನ ನೋವು, ಪಿಸಿಓಎಸ್, ರಕ್ತಹೀನತೆ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ, ಮುಟ್ಟು ನಿಲ್ಲುವ ವಯಸ್ಸಿನ ಕಷ್ಟಗಳು, ಗರ್ಭಕೋಶ ತೆಗೆಸಿಕೊಂಡ ಮೇಲಿನ ಬದುಕು, ಎಲ್ಲವೂ ಇದರೊಳಗೇ ಬರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಅದರ ಕಾರಣ ಹುಡುಕಲು ಸ್ತ್ರೀರೋಗ ವಿಭಾಗವೊಂದೇ ಸಾಲದು. ಸಮುದಾಯ ವೈದ್ಯಶಾಸ್ತ್ರದವರೂ, ನರ್ಸಿಂಗ್ ಮತ್ತು ಸಮಾಜಶಾಸ್ತ್ರದ ವಿದ್ಯಾರ್ಥಿಗಳೂ ಕೈಹಾಕಬೇಕಾದ ಕೆಲಸ ಇದು.

ತಪ್ಪು ಕಲ್ಪನೆ: ಹುಡುಗರಿಗೆ ಇಲ್ಲಿ ಜಾಗವಿಲ್ಲ.

ಸತ್ಯ: ಖಂಡಿತ ಇದೆ. ಕೇಸ್ ಶೀಟ್ ಆಧರಿಸಿದ ಅಧ್ಯಯನ, ಅಂಕಿಅಂಶದ ವಿಶ್ಲೇಷಣೆ, ಗಂಡಂದಿರ ತಿಳಿವಳಿಕೆಯ ಸಮೀಕ್ಷೆ ಇವನ್ನೆಲ್ಲ ಅವರು ಮಾಡಬಹುದು. ಮಹಿಳೆಯರನ್ನೇ ಮಾತಾಡಿಸಬೇಕಾದಾಗ ಜೊತೆಗೆ ಸಿಸ್ಟರ್ ಅಥವಾ ಸಹಪಾಠಿ ಹುಡುಗಿ ಇರಲಿ. ಬೇಡ ಎಂದವರನ್ನು ಒತ್ತಾಯಿಸಬಾರದು. ಈ ಮರ್ಯಾದೆಯನ್ನು ಹುಡುಗಿಯರೂ ಅಷ್ಟೇ ಪಾಲಿಸಬೇಕು.

ತಪ್ಪು ಕಲ್ಪನೆ: ಕೇಸ್ ಶೀಟ್ ಹೇಗೂ ಆಸ್ಪತ್ರೆಯಲ್ಲೇ ಇದೆ, ಅನುಮತಿ ಯಾಕೆ?

ಸತ್ಯ: ಆ ಹಾಳೆಯಲ್ಲಿರುವುದು ಒಬ್ಬ ಹೆಣ್ಣುಮಗಳ ಗುಟ್ಟು. ಹಳೆಯ ದಾಖಲೆಗಳನ್ನಷ್ಟೇ ನೋಡುವ ಅಧ್ಯಯನಕ್ಕೂ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ರೋಗಿಯ ಸಮ್ಮತಿಪತ್ರಕ್ಕೆ ವಿನಾಯಿತಿ ಕೊಡುವ ಅಧಿಕಾರವಿರುವುದು ಕಮಿಟಿಗೆ, ವಿದ್ಯಾರ್ಥಿಗೂ ಇಲ್ಲ, ಗೈಡ್‌ಗೂ ಇಲ್ಲ. ಗರ್ಭಪಾತ ಮಾಡಿಸಿಕೊಂಡವರ ಹೆಸರನ್ನು ಗೌಪ್ಯವಾಗಿಡಬೇಕೆಂದು ಕಾನೂನೇ ಹೇಳುತ್ತದೆ. ಶಾಲೆಯ ಹುಡುಗಿಯರಿಗೆ ಮುಟ್ಟಿನ ಬಗ್ಗೆ ಪ್ರಶ್ನಾವಳಿ ಕೊಡುವಾಗ ಪೋಷಕರ ಸಮ್ಮತಿಯ ಜೊತೆಗೆ ಆ ಹುಡುಗಿಯ ಒಪ್ಪಿಗೆಯೂ ಬೇಕು.

ತಪ್ಪು ಕಲ್ಪನೆ: ನಿರೀಕ್ಷಿಸಿದ ಫಲಿತಾಂಶ ಬರದಿದ್ದರೆ ಶ್ರಮ ವ್ಯರ್ಥ.

ಸತ್ಯ: ಟ್ರಾನೆಕ್ಸಾಮಿಕ್ ಆಮ್ಲದ ಕತೆ ನೋಡಿ. ಹೆರಿಗೆಯ ನಂತರ ರಕ್ತಸ್ರಾವ ಶುರುವಾದವರಿಗೆ ಬೇಗನೆ ಕೊಟ್ಟರೆ ಈ ಔಷಧ ಜೀವ ಉಳಿಸುತ್ತದೆಂದು 2017ರಲ್ಲಿ ಪ್ರಕಟವಾದ, 20,060 ಮಹಿಳೆಯರ ಅಧ್ಯಯನ ತೋರಿಸಿತು. ಹಾಗಾದರೆ ರಕ್ತಹೀನತೆ ಇರುವವರಿಗೆ ಮುಂಚಿತವಾಗಿಯೇ ಕೊಟ್ಟು ರಕ್ತಸ್ರಾವವನ್ನು ತಡೆಯಬಹುದಲ್ಲವೇ? 2023ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನ ಅದರಿಂದ ಪ್ರಯೋಜನ ಕಾಣಲಿಲ್ಲ ಎಂದಿತು. ಹಾಗೆ ಹೇಳಿದ್ದರಿಂದಲೇ ಎಷ್ಟೋ ತಾಯಂದಿರಿಗೆ ಅನಗತ್ಯ ಇಂಜೆಕ್ಷನ್ ತಪ್ಪುತ್ತದೆ. ಫಲಿತಾಂಶ ಚೆನ್ನಾಗಿ ಕಾಣಲೆಂದು ಅಂಕಿ ತಿದ್ದುವುದು ಮಾತ್ರ ರೋಗಿಗೆ ಮಾಡುವ ದ್ರೋಹ.

ತಪ್ಪು ಕಲ್ಪನೆ: ಪ್ರಬಂಧ ಅಚ್ಚಾದರೆ ಸಾಕು, ಪಿಜಿ ಸೀಟಿಗೆ ಅನುಕೂಲ.

ಸತ್ಯ: ಸೀಟು ಸಿಗುವುದು ನೀಟ್ ಪಿಜಿ ರ‍್ಯಾಂಕ್ ಮೇಲೆ. ಹಣ ಪಡೆದು, ಸರಿಯಾಗಿ ಪರಿಶೀಲಿಸದೆ, ನಾಲ್ಕೇ ದಿನದಲ್ಲಿ ಅಚ್ಚು ಹಾಕುವ ಪತ್ರಿಕೆಗಳಿಂದ ಹೆಸರು ಕೆಡುತ್ತದೆ. ಸಂಶೋಧನೆ ಕಲಿಸುವುದು ಬೇರೆಯದನ್ನೇ: ರೋಗಿಯ ಮಾತನ್ನು ಪೂರ್ತಿ ಕೇಳುವುದು, ತನ್ನ ಊಹೆಯನ್ನು ತಾನೇ ಪರೀಕ್ಷಿಸುವುದು. ಹತ್ತು ಜನ ಓಡಾಡುವ ಓಪಿಡಿಯಲ್ಲಿ ಸಂಕೋಚ ನುಂಗಿಕೊಂಡು ಉತ್ತರ ಕೊಟ್ಟ ಮಹಿಳೆಯರ ಋಣ ಸಂಶೋಧಕರ ಮೇಲಿದೆ. ಅವರಿಂದ ತಿಳಿದದ್ದನ್ನು ಅವರಿಗೂ, ಆಶಾ ಕಾರ್ಯಕರ್ತೆಯರಿಗೂ ತಿಳಿಗನ್ನಡದಲ್ಲಿ ಹೇಳಿದ ಮೇಲಷ್ಟೇ ಅಧ್ಯಯನ ಮುಗಿಯಿತೆನ್ನಬೇಕು.