ಮರಿ ದುಂಡಗಿದ್ದರೆ ಸಾಕೇ?

"ಅಯ್ಯೋ, ಬರೀ ಸೋಫಾದಿಂದ ಕೆಳಗೆ ಹಾರಿದ್ದು ಕಣ್ರೀ, ಅಷ್ಟಕ್ಕೇ ಕಾಲು ಮುರೀತು!"

ನಮ್ಮ ಮೇಲಿನ ಮನೆಯವರು ಫೋನಿನಲ್ಲಿ ಹೀಗೆ ಹೇಳಿ ಅಳುವುದಕ್ಕೇ ಶುರುಮಾಡಿದರು. ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿ. ಮನೆಗೆ ಬಂದು ಎರಡೂವರೆ ತಿಂಗಳಾಗಿತ್ತಷ್ಟೆ. ಅದಕ್ಕೆ ಯಾವ ಕೊರತೆಯನ್ನೂ ಮಾಡಿದವರಲ್ಲ. ದಿನಾ ಬೋನ್‌ಲೆಸ್ ಚಿಕನ್ ತರಿಸಿ, ಬೇಯಿಸಿ, ಒಂದು ಹಿಡಿ ಅನ್ನದ ಜೊತೆ ಕಲಸಿ ಹಾಕುತ್ತಿದ್ದರು. ಭಾನುವಾರ ಬಂತೆಂದರೆ ಲಿವರ್! ಮರಿ ಮೈ ತುಂಬಿಕೊಂಡು ಗುಂಡಗೆ ಇತ್ತು. ಆದರೆ ಒಂದು ವಾರದಿಂದ ಮೆಟ್ಟಿಲು ಹತ್ತಲು ಒಲ್ಲೆ ಅನ್ನುತ್ತಿತ್ತು, ಎತ್ತಿಕೊಂಡರೆ ಕುಂಯ್ ಅನ್ನುತ್ತಿತ್ತು. ಸೋಮಾರಿತನ ಅಂದುಕೊಂಡಿದ್ದರು.

ಎಕ್ಸ್-ರೇ ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಏನು ತಿನ್ನಿಸ್ತೀರಿ?" ಬೆಳ್ಳಗೆ ಎದ್ದು ಕಾಣಬೇಕಾದ ಮೂಳೆಗಳು ಸುತ್ತಲಿನ ಮಾಂಸದ ಹಾಗೇ ಮಂಕಾಗಿದ್ದವಂತೆ.

ಮಾಂಸ ತಿನ್ನುವ ಪ್ರಾಣಿಗೆ ಮಾಂಸ ಹಾಕಿದರೆ ತಪ್ಪೇನು ಅಂತ ನಿಮಗೂ ಅನ್ನಿಸಬಹುದು. ಕಾಡಿನಲ್ಲಿ ಬೇಟೆಯಾಡುವ ಪ್ರಾಣಿ ಬರೀ ಮಾಂಸ ತಿನ್ನುವುದಿಲ್ಲ, ಮೂಳೆಯನ್ನೂ ಕಡಿದು ನುಂಗುತ್ತದೆ. ನಾವು ಕೊಡುವುದು ಮೂಳೆ ಬಿಡಿಸಿದ ಮಾಂಸ. ನೂರು ಗ್ರಾಂ ಚಿಕನ್‌ನಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ ಇದ್ದರೆ ಕ್ಯಾಲ್ಸಿಯಂ ಹತ್ತು-ಹದಿನೈದು ಮಿಲಿಗ್ರಾಂ ಮಾತ್ರ. ಬೆಳೆಯುವ ಮರಿಗೆ ಬೇಕಾದದ್ದು ಇದಕ್ಕೆ ತಿರುಗುಮುರುಗು. ರಂಜಕ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಒಂದೂಕಾಲು ಪಾಲಿನಷ್ಟು ಇರಬೇಕು.

ಹೀಗೆ ಕೊರತೆಯಾದಾಗ ದೇಹ ಸುಮ್ಮನಿರುವುದಿಲ್ಲ. ಹೃದಯ ಬಡಿಯಲು, ಸ್ನಾಯು ಕೆಲಸ ಮಾಡಲು ರಕ್ತದಲ್ಲಿ ಕ್ಯಾಲ್ಸಿಯಂ ಇರಲೇಬೇಕು. ತಿಂಗಳ ಕೊನೆಗೆ ಸಂಬಳ ಮುಗಿದಾಗ ನಾವು ಸಾಸಿವೆ ಡಬ್ಬಿಗೆ ಕೈಹಾಕುತ್ತೇವಲ್ಲ, ಹಾಗೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು ಮೂಳೆಯೊಳಗಿನ ಉಳಿತಾಯವನ್ನು ತೆಗೆಯಲು ಶುರುಮಾಡುತ್ತದೆ. ಡಬ್ಬಿ ದಿನದಿನಕ್ಕೂ ಖಾಲಿ. ಹೊರಗೆ ಮೈ ತುಂಬಿದ ಮರಿ, ಒಳಗೆ ಕಾಗದದಷ್ಟು ತೆಳು ಮೂಳೆ. ಬರೀ ಮೀನು, ಬರೀ ಲಿವರ್ ತಿಂದು ಬೆಳೆಯುವ ಬೆಕ್ಕಿನ ಮರಿಗಳಲ್ಲೂ ಇದೇ ಕಥೆ.

ಸಿರಪ್ ಕುಡಿಸಿದರಾಯ್ತಲ್ಲ!

ಇದನ್ನು ಕೇಳಿದ ಇನ್ನೊಬ್ಬ ಗೆಳತಿ, "ನಾನಂತೂ ಮೊದಲ ದಿನದಿಂದಲೇ ಎರಡೆರಡು ಚಮಚ ಕ್ಯಾಲ್ಸಿಯಂ ಸಿರಪ್ ಹಾಕ್ತಿದ್ದೀನಪ್ಪ" ಎಂದು ಹೆಮ್ಮೆಯಿಂದ ಹೇಳಿಕೊಂಡರು. ಅವರ ಮನೆಯಲ್ಲಿರುವುದು ಗ್ರೇಟ್ ಡೇನ್ ಮರಿ, ಊಟ ಪ್ಯಾಕೆಟ್ಟಿನದು. ನಿಜ ಹೇಳಬೇಕೆಂದರೆ ನನಗೆ ಇವರದೇ ಹೆಚ್ಚು ಭಯ!

ದೊಡ್ಡ ನಾಯಿಗಾದರೆ ಬೇಡದ ಕ್ಯಾಲ್ಸಿಯಂ ಬಹುಪಾಲು ಹೊರಗೆ ಹೋಗುತ್ತದೆ. ಎಳೆ ಮರಿಗೆ ಆ ಹತೋಟಿ ಇರುವುದಿಲ್ಲ, ಕೊಟ್ಟಷ್ಟೂ ಹೀರಿಕೊಳ್ಳುತ್ತದೆ. ಮೂಳೆಯ ತುದಿಗಳ ಹತ್ತಿರ ಮೃದುವಾದ ಒಂದು ಪದರವಿರುತ್ತದೆ, ಮೂಳೆ ಉದ್ದಕ್ಕೆ ಬೆಳೆಯುವುದೇ ಅಲ್ಲಿಂದ. ಕ್ಯಾಲ್ಸಿಯಂ ವಿಪರೀತವಾದರೆ ಆ ಪದರ ಸರಿಯಾಗಿ ಮೂಳೆಯಾಗಿ ಮಾಗುವುದಿಲ್ಲ. ಮುಂಗಾಲು ಬಿಲ್ಲಿನಂತೆ ಬಾಗಬಹುದು, ಕೀಲಿನ ಒಳಪದರ ಬಿರಿಯಬಹುದು. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಹೇಜ಼ವಿಂಕಲ್ ಎಂಬ ಪಶುವೈದ್ಯರು ಮತ್ತು ಸಂಗಡಿಗರು ಗ್ರೇಟ್ ಡೇನ್ ಮರಿಗಳ ಮೇಲೆ ನಡೆಸಿದ ಅಧ್ಯಯನ 1985ರಲ್ಲೇ ಇದನ್ನು ತೋರಿಸಿತ್ತು. ಮರಿಗಳಿಗೆಂದೇ ಮಾಡಿದ ಒಳ್ಳೆಯ ಪ್ಯಾಕೆಟ್ ಆಹಾರದಲ್ಲಿ ಲೆಕ್ಕ ಹಾಕಿಯೇ ಕ್ಯಾಲ್ಸಿಯಂ ಬೆರೆಸಿರುತ್ತಾರೆ. ಅದರ ಮೇಲೆ ಮತ್ತೆ ಸಿರಪ್ ಯಾಕೆ ಹೇಳಿ? ಲ್ಯಾಬ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಇದ್ದವರು ದೊಡ್ಡ ತಳಿಯ ಮರಿಗಳಿಗೆಂದೇ ಇರುವ ಆಹಾರ ತರುವುದು ಮೇಲು.

ಇನ್ನು ವಿಟಮಿನ್ ಡಿ. ನಮ್ಮಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲು ಕಾಯಿಸುತ್ತೇವೆ. ಮರಿಯನ್ನೂ ಬಾಲ್ಕನಿಯ ಬಿಸಿಲಿಗೆ ಬಿಟ್ಟರಾಯಿತು ಅನ್ನುವವರಿದ್ದಾರೆ. ಬಿಡಿ, ಅದಕ್ಕೂ ಖುಷಿ! ಆದರೆ ಮನುಷ್ಯರ ಹಾಗೆ ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ವಿಟಮಿನ್ ಡಿ ತಯಾರಿಸಿಕೊಳ್ಳುವುದಿಲ್ಲ. ಅದು ಊಟದಿಂದಲೇ ಬರಬೇಕು. ಹಾಗಂತ ನಿಮಗೆ ಬರೆದುಕೊಟ್ಟ 60,000 ಯೂನಿಟ್ಟಿನ ಸ್ಯಾಚೆಯಲ್ಲಿ ಉಳಿದದ್ದನ್ನು ಅದರ ಹಾಲಿಗೆ ಸುರಿದೀರಿ, ಜೋಕೆ! ಪುಟ್ಟ ಮರಿಗೆ ಅಷ್ಟು ಡೋಸ್ ವಿಷವೇ ಸರಿ, ಕಿಡ್ನಿಗೆ ಅಪಾಯ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ನಮ್ಮ ಮಕ್ಕಳ ರಿಕೆಟ್ಸ್ ಕಾಯಿಲೆ ಊಟದ ಕೊರತೆಯಿಂದ ಬರಬಲ್ಲದು ಎಂದು ಗೊತ್ತಾಗಿದ್ದು ನಾಯಿಮರಿಗಳಿಂದ! ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ಎಂಬ ವಿಜ್ಞಾನಿ ಮರಿಗಳನ್ನು ಮನೆಯೊಳಗೇ ಇಟ್ಟು, ಧಾನ್ಯವೇ ಮುಖ್ಯವಾದ ಊಟ ಕೊಟ್ಟಾಗ ಕಾಲು ಡೊಂಕಾದವು. ಕಾಡ್ ಲಿವರ್ ಎಣ್ಣೆ ಕೊಟ್ಟ ಮರಿಗಳು ನೆಟ್ಟಗಿದ್ದವು. 1919ರಲ್ಲಿ ಅವರು ಅದನ್ನು ಪ್ರಕಟಿಸಿದರು. ಆ ಎಣ್ಣೆಯಲ್ಲಿದ್ದ ಸತ್ವವೇ ಮುಂದೆ ವಿಟಮಿನ್ ಡಿ ಎನ್ನಿಸಿಕೊಂಡಿತು. ಎಷ್ಟು ಮಕ್ಕಳ ಕಾಲು ಉಳಿಸಿದವೋ ಆ ಮರಿಗಳು, ಪಾಪ.

ಸಸ್ಯಾಹಾರಿ ಮನೆಗಳಲ್ಲಿ ಹಾಲು-ಅನ್ನ, ಮೊಸರನ್ನ, ರಾಗಿ ಅಂಬಲಿ ಸಾಮಾನ್ಯ. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಸುಳ್ಳಲ್ಲ. ಆದರೆ ಅದರಲ್ಲಿರುವ ಫೈಟೇಟ್ ಆ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತಲು ಬಿಡುವುದಿಲ್ಲ. ತಾಯಿನಾಯಿಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರೊಟೀನ್ ಇರುತ್ತದೆ. ನಾವು ಅದೇ ಹಸುವಿನ ಹಾಲಿಗೂ ನೀರು ಬೆರೆಸಿ ಅನ್ನ ಕಲಸಿದರೆ ಮರಿಯ ಗತಿ? ಮನೆ ಊಟವೇ ಹಾಕುವುದಾದರೆ ಮೊಟ್ಟೆ, ಮೊಸರು ಸೇರಿಸಬಹುದು. ಮೊಟ್ಟೆ ಚಿಪ್ಪಿನ ನುಣ್ಣನೆಯ ಪುಡಿಯೂ ಒಳ್ಳೆಯ ಕ್ಯಾಲ್ಸಿಯಂ, ಆದರೆ ಒಂದು ಟೀ ಚಮಚದಲ್ಲೇ ಸುಮಾರು ಎರಡು ಗ್ರಾಂ ಇರುತ್ತದೆ. ಕಣ್ಣಂದಾಜು ಬೇಡ. ಮರಿಯ ತೂಕ, ತಳಿ ನೋಡಿ ಪಶುವೈದ್ಯರು ಹೇಳಿದ ಅಳತೆಯೇ ಇರಲಿ. "ಹಾಗಾದ್ರೆ ಚಿಕನ್ ಮೂಳೇನೇ ಹಾಕ್ಲಾ?" ಎಂದು ಕೇಳಬೇಡಿ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ತಟ್ಟೆ ತುಂಬಿರಲೇಬೇಕಾ?

ದೊಡ್ಡ ತಳಿಯ ಮರಿ ಬೇಗ ಬೇಗ ಬೆಳೆದಷ್ಟೂ ಎಳೆ ಮೂಳೆಯ ಮೇಲೆ ಭಾರ ಹೆಚ್ಚು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇ 25ರಷ್ಟು ಕಡಿಮೆ ಊಟ ಕೊಟ್ಟು ಸಾಕಿದರು. ಕಡಿಮೆ ತಿಂದವುಗಳಲ್ಲಿ ಸೊಂಟದ ಕೀಲಿನ ತೊಂದರೆ ಕಡಿಮೆಯಿತ್ತು. 2002ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅವು ಸುಮಾರು ಎರಡು ವರ್ಷ ಹೆಚ್ಚೂ ಬದುಕಿದ್ದವು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಆದರೆ ಕೈಯಾಡಿಸಿದರೆ ಬೆರಳಿಗೆ ಸಿಗಬೇಕು. ಅಷ್ಟಿದ್ದರೆ "ಅಯ್ಯೋ ಬಡಕಲಾಗಿದೆ" ಎಂದು ಅಕ್ಕಪಕ್ಕದವರು ಅಂದರೂ ತಲೆ ಕೆಡಿಸಿಕೊಳ್ಳಬೇಡಿ. ಕುಂಟುವುದು, ಎತ್ತಿದರೆ ಅಳುವುದು, ಕಾಲು ಸೊಟ್ಟಗಾಗುವುದು ಕಂಡರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಮೇಲಿನ ಮನೆಯ ಮರಿಯನ್ನು ಆರು ವಾರ ಹಾಲ್‌ನ ಮೂಲೆಯಲ್ಲಿ ಕಟಕಟೆ ಮಾಡಿ ಕೂರಿಸಿದ್ದರು. ಓಡುವಂತಿಲ್ಲ, ಹಾರುವಂತಿಲ್ಲ. ಊಟ ಬದಲಾಯಿತು, ಮೂಳೆ ಗಟ್ಟಿಯಾಯಿತು. ಈಗ ಅದಕ್ಕೆ ಒಂದೂವರೆ ವರ್ಷ. ಹಿಂಗಾಲು ತುಸು ಸೊಟ್ಟ, ಆದರೂ ಮೆಟ್ಟಿಲಿಳಿದು ದಿನಾ ನಮ್ಮ ಮನೆ ಬಾಗಿಲು ಕೆರೆಯುತ್ತದೆ. ಚಿಕನ್ ಈಗಲೂ ಸಿಗುತ್ತದಂತೆ. ಜೊತೆಗೆ ಏನೇನು, ಎಷ್ಟೆಷ್ಟು ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಅವರ ಫ್ರಿಜ್ ಬಾಗಿಲ ಮೇಲಿದೆ.