ಸೀಮೆ ಹಸು ಬೇಸಿಗೇಲಿ ಹಾಲು ಕಮ್ಮಿ ಮಾಡ್ತಿದೆಯಾ? ಮೊದಲು ಕೊಟ್ಟಿಗೆ ನೋಡಿ

ಕೋಲಾರ: ಬೇಸಿಗೆ ಬಂತಂದ್ರೆ ಜಿಲ್ಲೆಯ ಡೇರಿಗಳ ಮುಂದೆ ಒಂದೇ ಮಾತು. ‘ಹತ್ತು ಲೀಟರ್ ಕೊಡ್ತಿದ್ದ ಹಸು ಏಳಕ್ಕೆ ಇಳಿದಿದೆ, ಫ್ಯಾಟೂ ಬರ್ತಿಲ್ಲ, ಎರಡು ಸಲ ಇಂಜೆಕ್ಷನ್ ಮಾಡಿಸಿದ್ರೂ ಗಬ್ಬ ನಿಲ್ತಿಲ್ಲ.’ ಬೂಸಾ ಬದಲಾಯಿಸುತ್ತಾರೆ, ಟಾನಿಕ್ ಕುಡಿಸುತ್ತಾರೆ. ತಲೆ ಎತ್ತಿ ಕೊಟ್ಟಿಗೆಯ ಸೂರು ನೋಡುವವರು ಕಡಿಮೆ.

ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಹಾಲಿನ ಬಟವಾಡೆ ಮಾತ್ರ ಇವತ್ತಿಗೂ ಎಷ್ಟೋ ಮನೆಗಳ ಸಂಸಾರ ನಡೆಸುತ್ತಿದೆ. ಸಾಲ ಮಾಡಿ ತಂದ ಹಸು ಬಿಸಿಲಿಗೆ ಬಸವಳಿದರೆ ಪೆಟ್ಟು ಬೀಳುವುದು ಕಂತಿಗೆ.

ಸೆಕೆ ಯಾಕೆ ತಡೆಯಲ್ಲ?

ನಮ್ಮ ಹಳ್ಳಿಕಾರ್ ತಳಿ ಬಿಸಿಲಿಗೆ ಹೊಂದಿಕೊಂಡದ್ದು. ಎಚ್‌ಎಫ್ ತಳಿ ಬಂದಿರುವುದು ಯುರೋಪಿನ ತಂಪು ಸೀಮೆಯಿಂದ. ಸುಮಾರು 25 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ಮೇವು ಅರಗುವಾಗ ಹೊಟ್ಟೆಯಲ್ಲೇ ಶಾಖ ಹುಟ್ಟುವುದರಿಂದ, ಸೆಕೆಯಾದಾಗ ಹಸು ತಾನಾಗಿಯೇ ಮೇವು ಕಡಿಮೆ ಮಾಡುತ್ತದೆ. ಮೇವು ಇಳಿದರೆ ಹಾಲು ಇಳಿಯುತ್ತದೆ. ಬೆದೆ ಸರಿಯಾಗಿ ಕಾಣುವುದಿಲ್ಲ, ಗಬ್ಬವೂ ನಿಲ್ಲುವುದಿಲ್ಲ.

ಸೂರು ಎತ್ತರ ಇರಲಿ

ತಗ್ಗಿನ ಸೂರಿಗೆ ಸಿಮೆಂಟ್ ಇಲ್ಲವೇ ತಗಡಿನ ಶೀಟು, ನಾಲ್ಕೂ ಕಡೆ ಗೋಡೆ, ಒಂದು ಸಣ್ಣ ಕಿಟಕಿ. ಕಳ್ಳತನ, ಚಳಿಗೆ ಹೆದರಿ ಕಟ್ಟುವ ಇಂಥ ಕೊಟ್ಟಿಗೆ ಮಧ್ಯಾಹ್ನ ಒಲೆಯಂತಾಗುತ್ತದೆ. ಹೊಸದಾಗಿ ಕಟ್ಟುವವರು ಪಕ್ಕದಲ್ಲಿ ಕನಿಷ್ಠ 8ರಿಂದ 10 ಅಡಿ, ನಡುವೆ 12ರಿಂದ 15 ಅಡಿ ಎತ್ತರ ಬಿಡಬೇಕು. ಉದ್ದ ಪೂರ್ವ-ಪಶ್ಚಿಮಕ್ಕೆ ಬಂದರೆ ಬೆಳಗಿನ, ಸಂಜೆಯ ಬಿಸಿಲು ಒಳಗೆ ನುಗ್ಗುವುದಿಲ್ಲ. ಗೋಡೆ 4 ಅಡಿ ಸಾಕು. ಅದರ ಮೇಲೆ ಜಾಲರಿ ಹಾಕಿದರೆ ಗಾಳಿಯೂ ಆಡುತ್ತದೆ, ಭದ್ರವೂ ಆಗುತ್ತದೆ.

ಗಾಳಿ ಸಾಲುತ್ತಿದೆಯೋ ಇಲ್ಲವೋ ತಿಳಿಯಬೇಕೇ? ಬೆಳಗಿನ ಜಾವ ಸಗಣಿ ಬಾಚುವ ಮುಂಚೆ ಹಸು ಮಲಗುವ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ನೋಡಿ. ಗಂಜಲದ ಘಾಟಿಗೆ ಕಣ್ಣು ಉರಿದರೆ ಗಾಳಿ ಸಾಲದು ಎಂದೇ ಅರ್ಥ.

ಮಲಗಲು ಜಾಗ ಬೇಕು

ಆರೋಗ್ಯವಾಗಿರುವ ಹಸು ದಿನಕ್ಕೆ 12 ಗಂಟೆಯಷ್ಟು ಮಲಗುತ್ತದೆ. ಮಲಗಿದಾಗ ಕೆಚ್ಚಲಿಗೆ ರಕ್ತ ಹೆಚ್ಚು ಹರಿಯುತ್ತದೆ, ಗೊರಸಿಗೂ ವಿಶ್ರಾಂತಿ. ಹಸು ಏಳುವಾಗ ಮೊದಲು ತಲೆಯನ್ನು ಮುಂದಕ್ಕೆ ಚಾಚಿ ಹಿಂಗಾಲು ಎತ್ತುತ್ತದೆ. ಗೋದಲಿಗೆ ಮೂಗು ತಾಗುವಷ್ಟು ಹಗ್ಗ ಬಿಗಿದರೆ ಏಳುವ ಕಷ್ಟಕ್ಕೇ ಮಲಗುವುದನ್ನು ಬಿಡುತ್ತದೆ.

ಇಕ್ಕಟ್ಟಾಗದಂತೆ ಕಟ್ಟಲು ಒಂದು ಹಸುವಿಗೆ ಬೇಕಾದ ಲೆಕ್ಕ ಹೀಗಿದೆ:

- ನೆರಳಿನ ಜಾಗ: 3.5 ಚದರ ಮೀಟರ್ (ಸುಮಾರು 38 ಚದರ ಅಡಿ)
- ಬಿಡಾಡಿಸಲು ಬಯಲು: 7 ಚದರ ಮೀಟರ್ (ಸುಮಾರು 75 ಚದರ ಅಡಿ)
- ನಿಲ್ಲುವ ಕಟ್ಟೆ: 5.5ರಿಂದ 6 ಅಡಿ ಉದ್ದ, 4 ಅಡಿ ಅಗಲ
- ಇಳಿಜಾರು: 6 ಅಡಿಗೆ ಒಂದೂವರೆಯಿಂದ ಎರಡು ಇಂಚು

ಇಳಿಜಾರು ಇದಕ್ಕಿಂತ ಹೆಚ್ಚಾದರೆ ಹಿಂಗಾಲಿನ ಮೇಲೆ ಭಾರ. ಕಡಿಮೆಯಾದರೆ ಗಂಜಲ ನಿಂತು, ಒದ್ದೆ ನೆಲದಿಂದ ಕೆಚ್ಚಲು ಬಾವು. ನೆಲಕ್ಕೆ ನುಣ್ಣಗೆ ಸಿಮೆಂಟ್ ಹೊಡೆಸಬೇಡಿ, ಗೆರೆ ಎಳೆಸಿ; ಇಲ್ಲದಿದ್ದರೆ ಗಬ್ಬದ ಹಸು ಜಾರಿ ಬೀಳುತ್ತದೆ. ರಬ್ಬರ್ ಮ್ಯಾಟ್ ಹಾಕಿದ್ದರೆ ಆಗಾಗ ಎತ್ತಿ ಅಡಿಯನ್ನೂ ತೊಳೆಯಬೇಕು.

ನೀರು ಸದಾ ಇರಲಿ

ಹಾಲಿನಲ್ಲಿ ಶೇ 87ರಷ್ಟು ನೀರೇ. ಕರೆಯುವ ಹಸು ಬೇಸಿಗೆಯಲ್ಲಿ ದಿನಕ್ಕೆ 60ರಿಂದ 100 ಲೀಟರ್ ಕುಡಿಯುತ್ತದೆ. ಎರಡು ಹೊತ್ತು ಬಕೆಟ್ ಇಟ್ಟರೆ ಸಾಲದು. ಬಾಯಿಗೆ ಸಿಗುವಂತೆ ನೆರಳಲ್ಲಿ ತೊಟ್ಟಿ ಇರಬೇಕು.

ಇರುವ ಕೊಟ್ಟಿಗೆಗೆ ಏನು ಮಾಡಬಹುದು?

ಎಲ್ಲರೂ ಹೊಸದು ಕಟ್ಟಲಾಗದು. ಶೀಟಿನ ಮೇಲೆ ಸುಣ್ಣ ಬಳಿಯಿರಿ, ತೆಂಗಿನ ಗರಿ ಹೊದಿಸಿ ಇಲ್ಲವೇ ಸೋರೆ, ಕುಂಬಳದ ಬಳ್ಳಿ ಹಬ್ಬಿಸಿ. ಗೋಡೆಯ ಮೇಲ್ಭಾಗ ಒಡೆದು ಜಾಲರಿ ಹಾಕಿಸಿ. ಮೈಮೇಲೆ ನೀರು ಚಿಮುಕಿಸುವುದಾದರೆ ಫ್ಯಾನ್ ಜೊತೆಗಿರಲಿ. ಗಾಳಿ ಆಡದ ಕಡೆ ಬರೀ ನೀರು ಹಾಕಿದರೆ ಧಗೆ ಇನ್ನೂ ಜಾಸ್ತಿ. ಹಗಲು ಹೊತ್ತು ಹೊಂಗೆ, ಬೇವಿನ ಮರದಡಿ ಕಟ್ಟಿದರೂ ಹಸುವಿಗೆ ಹಿತ.

ಆಮೇಲೆ ಮಧ್ಯಾಹ್ನ ಒಂದು ನಿಮಿಷ ಹಸುವಿನ ಪಕ್ಕೆಯ ಏರಿಳಿತ ಎಣಿಸಿ. ಸಾಮಾನ್ಯವಾಗಿ ಉಸಿರು 30ರ ಆಸುಪಾಸು. 60 ದಾಟಿದ್ದರೆ ಇನ್ನೂ ಸೆಕೆ ಆಗುತ್ತಿದೆ ಎಂದರ್ಥ. ಬಾಯಿ ತೆರೆದು ಜೊಲ್ಲು ಸುರಿಸುತ್ತಿದ್ದರೆ ತಡ ಮಾಡದೆ ನೆರಳಿಗೆ ತಂದು ಮೈಗೆ ನೀರು ಹಾಕಿ, ಪಶು ವೈದ್ಯರನ್ನು ಕರೆಸಿ.

ಹೊಸ ಕೊಟ್ಟಿಗೆಗೆ ಸರ್ಕಾರದ ಸಹಾಯಧನ ಬೇಕಿದ್ದವರು ಪಾಯ ತೆಗೆಯುವ ಮುಂಚೆಯೇ ಗ್ರಾಮ ಪಂಚಾಯಿತಿ ಮತ್ತು ಪಶು ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು. ಕಟ್ಟಿ ಮುಗಿಸಿದ ಮೇಲೆ ಬಿಲ್ ಹಿಡಿದು ಹೋದರೆ ಓಡಾಟವಷ್ಟೇ ಉಳಿಯಬಹುದು.