ನಿಂತ ಟ್ರ್ಯಾಕ್ಟರಿನ ಬ್ಯಾಟರಿ ಬರಿದಾಗುವುದೇಕೆ?



ಮಳೆ ಬಿದ್ದು ಹೊಲ ಹದಕ್ಕೆ ಬಂದಿದೆ. ಎಂಟು ದಿನ ನಿಂತಿದ್ದ ಟ್ರ್ಯಾಕ್ಟರಿನ ಕೀಲಿ ತಿರುವಿದರೆ ಟಕ್ಕೆಂಬ ಸದ್ದು ಬಿಟ್ಟು ಬೇರೇನಿಲ್ಲ. ಹತ್ತು ಜನ ಸೇರಿ ಇಳಿಜಾರಿಗೆ ತಳ್ಳಿ ಶುರು ಮಾಡುತ್ತೀರಿ. ಮುಂದಿನ ವಾರ ಮತ್ತದೇ ಪಾಡು. "ಬ್ಯಾಟರಿ ಸತ್ತಿತು" ಅಂತ ಹೊಸದು ತಂದವರೂ ಉಂಟು. ತೂಬು ಸೋರುತ್ತಿರುವಾಗ ಕೆರೆಗೆ ನೀರು ತಿರುಗಿಸಿದ ಹಾಗಾಯಿತು ಅದು.

ಅರ್ಧ ಆಂಪಿಯರ್ ಸೋರಿದರೂ ದಿನಕ್ಕೆ 12 ಆಂಪಿಯರ್-ಅವರ್ ಹೋಯಿತು. 75 ಆಂಪಿಯರ್-ಅವರಿನ ಬ್ಯಾಟರಿ ಆರು ದಿನಕ್ಕೆ ಬರಿದು. ಬರಿದಾದದ್ದನ್ನು ವಾರಗಟ್ಟಲೆ ಹಾಗೇ ಇಟ್ಟರೆ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಕಟ್ಟುತ್ತದೆ. ಆಮೇಲೆ ಚಾರ್ಜು ಸರಿಯಾಗಿ ಹಿಡಿಯದು.

ಮೊದಲು ಬ್ಯಾಟರಿಯನ್ನೇ ನೋಡಿ. ಮೇಲ್ಭಾಗದ ಆಮ್ಲ ಬೆರೆತ ಧೂಳಿನ ಮೂಲಕವೂ ಕರೆಂಟು ಹರಿಯುತ್ತದೆ, ಒರೆಸಿ. ಪೂರ್ತಿ ಚಾರ್ಜು ಮಾಡಿಸಿ, ಕೇಬಲ್ ಕಳಚಿ ಎರಡು ದಿನ ಇಡಿ. 12.6 ವೋಲ್ಟಿನ ಆಸುಪಾಸು ನಿಂತರೆ ಸೋರಿಕೆ ಗಾಡಿಯಲ್ಲಿದೆ. 12.4ಕ್ಕಿಂತ ಕೆಳಗಿಳಿದರೆ ದೋಷ ಬ್ಯಾಟರಿಯದೇ.

ಗಾಡಿಯಲ್ಲಿ ಹುಡುಕಲು 12 ವೋಲ್ಟಿನ 5 ವಾಟ್ ಬಲ್ಬೊಂದು, ಎರಡು ತುಂಡು ವೈರು ಸಾಕು. ಕೀಲಿ ತೆಗೆದು, ದೀಪಗಳನ್ನೆಲ್ಲ ಆರಿಸಿ, ಮೈನಸ್ ಕೇಬಲ್ ಮಾತ್ರ ಬಿಚ್ಚಿ. ಪ್ಲಸ್ಸಿಗೆ ಕೈಹಾಕಿದರೆ ಸ್ಪ್ಯಾನರು ಗಾಡಿಯ ಕಬ್ಬಿಣಕ್ಕೆ ತಾಗಿ ಕಿಡಿ ಹಾರೀತು. ಬ್ಯಾಟರಿಯಿಂದ ಬರುವ ಅನಿಲ ಹೊತ್ತಿಕೊಳ್ಳುವಂಥದು, ಬೀಡಿಯೂ ದೂರವಿರಲಿ. ಬಲ್ಬಿನ ಒಂದು ವೈರನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಬಿಚ್ಚಿದ ಕೇಬಲ್ಲಿಗೂ ಹಿಡಿಯಿರಿ. ಬಲ್ಬು ಮಂಕಾಗಿ ಉರಿದರೂ ಕಳ್ಳ ಒಳಗಿದ್ದಾನೆಂದೇ ಅರ್ಥ. ಈಗ ಫ್ಯೂಜುಗಳನ್ನು ಒಂದೊಂದಾಗಿ ಕೀಳಿರಿ. ಯಾವುದನ್ನು ಕಿತ್ತಾಗ ಬಲ್ಬು ಆರುತ್ತದೋ ಆ ದಾರಿಯಲ್ಲೇ ಸೋರಿಕೆ.

ಎಲ್ಲ ಕಿತ್ತರೂ ಆರಲಿಲ್ಲವೇ? ನನ್ನ ಗುಮಾನಿ ಮೊದಲು ಹೋಗುವುದು ಆಮೇಲೆ ಹಾಕಿಸಿದ ಹಾಡಿನ ಪೆಟ್ಟಿಗೆ, ಬಣ್ಣದ ದೀಪಗಳ ಮೇಲೆ. ಫ್ಯೂಜು ತಪ್ಪಿಸಿ ಬ್ಯಾಟರಿಗೇ ನೇರ ಕಟ್ಟಿರುತ್ತಾರೆ, ಅವನ್ನು ಕಳಚಿ ನೋಡಿ. ನಂತರ ಆಲ್ಟರ್ನೇಟರ್. ಅದರೊಳಗಿನ ಡಯೋಡು ಕೆಟ್ಟರೆ ಕರೆಂಟು ಹಿಂದಕ್ಕೆ ಹರಿಯುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯ ಆಲ್ಟರ್ನೇಟರನ್ನು ಬೆಳಗಿನ ಜಾವ ಮುಟ್ಟಿದಾಗ ಬೆಚ್ಚಗಿದ್ದರೆ ಅನುಮಾನವೇ ಬೇಡ. ಖಾತ್ರಿಯಾಗಬೇಕಾದರೆ ಅದರ ದಪ್ಪ ವೈರನ್ನು ಕಳಚಿ, ತುದಿಗೆ ಟೇಪು ಸುತ್ತಿ, ಮತ್ತೆ ಬಲ್ಬು ಹಿಡಿದು ನೋಡಿ. ಆರಿತೋ, ಡಯೋಡು ಬದಲಿಸಲು ಆಗುತ್ತದೆಯೇ ಎಂದು ಕೇಳಿ. ಇಡೀ ಆಲ್ಟರ್ನೇಟರು ಕೊಳ್ಳಲು ಅವಸರಪಡಬೇಡಿ.

ತೀರ ಸಣ್ಣ ಸೋರಿಕೆಗೆ ಬಲ್ಬು ಉರಿಯದು. ಆಗ ಬಲ್ಬಿನ ಜಾಗದಲ್ಲಿ ಮಲ್ಟಿಮೀಟರನ್ನು 10 ಆಂಪಿಯರಿಗೆ ಇಟ್ಟು ಅಳೆಯಬೇಕು. ಹಳೆಯ ಸಾದಾ ಟ್ರ್ಯಾಕ್ಟರಿನಲ್ಲಿ ಸೊನ್ನೆಯ ಹತ್ತಿರವಿರಬೇಕು. ಮೀಟರು ಜೋಡಿಸಿರುವಾಗ ಮಾತ್ರ ಕೀಲಿ ತಿರುವಬೇಡಿ, ಮೀಟರು ಸುಟ್ಟೀತು.

ರಿಪೇರಿಯಾಗುವ ತನಕ ಸಂಜೆ ಗಾಡಿ ನಿಲ್ಲಿಸಿದ ಕೂಡಲೇ ಮೈನಸ್ ಕೇಬಲ್ ಬಿಚ್ಚಿಡಿ.